ಅಟ್ಟದ ಮೇಲಿನ ಸಾಮಾನು ಯಾರದ್ದು?

ತೀರ್ಥಹಳ್ಳಿ ಹತ್ತಿರದ ಓದುಗರೊಬ್ಬರು ಕಳೆದ ತಿಂಗಳು ಹೀಗೆ ಬರೆದಿದ್ದರು: "ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಮನೆಯಲ್ಲಿ ನಾವಿಬ್ಬರೇ. ಆದರೆ ಅಟ್ಟದ ತುಂಬ ಮೂರು ತಲೆಮಾರಿನ ಸಾಮಾನು. ಹಂಡೆ, ಕೊಪ್ಪರಿಗೆ, ಕಾಲು ಮುರಿದ ಕುರ್ಚಿ, ಹಳೇ ರೇಡಿಯೋ. ಇನ್ನಾದರೂ ಸ್ವಲ್ಪದರಲ್ಲಿ, ಹಗುರಾಗಿ ಬದುಕಬೇಕು ಅಂತ ನನಗೆ ಆಸೆ. ಇವರು ಒಂದು ತಗಡಿನ ಡಬ್ಬವನ್ನೂ ಬಿಡುವುದಿಲ್ಲ. ಇವರು ಊರಲ್ಲಿಲ್ಲದ ದಿನ ಗುಜರಿಯವನನ್ನು ಕರೆಸಿಬಿಡಲೇ?"

ನಾವು ಎಣಿಸಿದ್ದಕ್ಕಿಂತ ಜಾಸ್ತಿ ಪತ್ರಗಳು ಬಂದವು. ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ.

*

ಮೊದಲು ನಿಮ್ಮ ಬೀರು ತೆಗೆಯಿರಿ. ಉಡದೆ ಮಡಿಸಿಟ್ಟ ಸೀರೆ ಎಷ್ಟಿವೆ ಎಣಿಸಿ. ಆಮೇಲೆ ಅಟ್ಟ ಹತ್ತಿ.

— ನಿವೃತ್ತ ಶಿಕ್ಷಕಿ, ಭದ್ರಾವತಿ

*

ಮಾತು ಸ್ವಲ್ಪ ಖಾರ. ಆದರೆ ಹೀಗೆ ಬರೆದವರು ಇವರೊಬ್ಬರೇ ಅಲ್ಲ. ಈಗ ಯಜಮಾನರ ಕಡೆಯ ಪತ್ರ.

*

ಅಕ್ಕಾ, ನಾನೂ ನಿಮ್ಮ ಯಜಮಾನರಂಥವನೇ. ನಮ್ಮ ಮನೆ ಆಗುಂಬೆ ಕಡೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗ. ನಾನು ಚಿಕ್ಕವನಿದ್ದಾಗ ಹಳ್ಳ ತುಂಬಿತು ಅಂದರೆ ವಾರಗಟ್ಟಲೆ ಪೇಟೆ ಇಲ್ಲ. ಉಪ್ಪು, ಬೆಲ್ಲ, ಒಣಮೆಣಸು, ಹಪ್ಪಳ, ಸೌದೆ ಎಲ್ಲ ಮೇ ತಿಂಗಳಲ್ಲೇ ಒಳಗೆ ಬಂದಿರಬೇಕು. ಗೇಣುದ್ದದ ಹಗ್ಗವನ್ನೂ ಅಪ್ಪ ಸುತ್ತಿ ಗೂಟಕ್ಕೆ ಹಾಕುತ್ತಿದ್ದರು. ಹೆದರಿಕೆಯಿಂದ ಬಂದ ಅಭ್ಯಾಸ ಇದು. ನಿಮ್ಮವರಿಗೂ ಹಾಗೇ ಇರಬಹುದು.

ಇನ್ನೊಂದು. ಹೋದ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ ಪಂಪ್ ಕೈಕೊಟ್ಟಿತು. ಅಟ್ಟದಲ್ಲಿದ್ದ ಹಳೇ ಪಂಪಿನ ವಾಷರ್ ಬಿಚ್ಚಿ ಹಾಕಿ ಕೆಲಸ ಮುಗಿಸಿದೆವು. ಆ ವಾರ ಮಳೆ ಬಿಟ್ಟದ್ದು ಅದೊಂದೇ ದಿನ. ಅಂದ ಮಾತ್ರಕ್ಕೆ ಎಲ್ಲವೂ ಬೇಕು ಅನ್ನುವುದಿಲ್ಲ. ಈಗ ರಸ್ತೆ ಇದೆ, ಸೇತುವೆ ಇದೆ. ಯಾವುದು ಬೇಕು ಅಂತ ಕೂತು ಕೇಳಿ. ಕೇಳಿದರೆ ನಾವು ಹೇಳುತ್ತೇವೆ.

— ಅಡಿಕೆ ಬೆಳೆಗಾರ, ಆಗುಂಬೆ ಹತ್ತಿರ

*

ಮುಂದಿನ ಪತ್ರ ದೀರ್ಘವಾಗಿದೆ. ಮೊಟಕು ಮಾಡಲು ಮನಸ್ಸಾಗಲಿಲ್ಲ.

*

ಅಕ್ಕಾ, ನಿಮ್ಮ ಕೊನೆಯ ಸಾಲು ಓದಿ ಪತ್ರಿಕೆ ಮುಚ್ಚಿಟ್ಟೆ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವು ಮಾಡಬೇಕು ಅಂತಿರುವುದನ್ನು ನಾನು ಹದಿನಾಲ್ಕು ವರ್ಷದ ಹಿಂದೆ ಮಾಡಿದ್ದೇನೆ.

ನಮ್ಮ ಅತ್ತೆಮ್ಮ ಮುಳುಗಡೆ ಊರಿನವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನಿಂತಾಗ ಗದ್ದೆ, ತೋಟ, ಮನೆ ಎಲ್ಲ ನೀರಿನಡಿ ಹೋಯಿತು. ಬಾಗಿಲು, ಕಿಟಕಿ, ಹಂಚು ಬಿಚ್ಚಿ ಲಾರಿಗೆ ಹಿಡಿದಷ್ಟು ತಂದರಂತೆ. ಅತ್ತೆಮ್ಮನ ಮಡಿಲಲ್ಲಿ ಇದ್ದದ್ದು ಅಕ್ಕಿ ಅಳೆಯುವ ಹಿತ್ತಾಳೆ ಸಿದ್ದೆ.

ನಾನು ಮದುವೆಯಾಗಿ ಬಂದಾಗ ಅದರ ಬಾಯಿ ಒಂದು ಕಡೆ ನಗ್ಗಿತ್ತು. ದಿನಾ ಅದರಲ್ಲೇ ಅಕ್ಕಿ ಅಳೆಯುವರು. ತುಂಬಿ, ಅಂಗೈಯಲ್ಲಿ ಮೇಲೊಮ್ಮೆ ಸವರಿ, ಆ ನಗ್ಗಿದ ಕಡೆಯಿಂದ ನಾಲ್ಕು ಕಾಳು ಮತ್ತೆ ಡಬ್ಬಕ್ಕೆ ಉದುರಿಸುವರು. ಯಾಕೆ ಅಂತ ನಾನು ಕೇಳಲೇ ಇಲ್ಲ.

ಅತ್ತೆಮ್ಮ ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗದ ಮಗಳ ಮನೆಗೆ ಹೋಗಿದ್ದರು. ಹದಿನೈದು ದಿನ. ನಾನು ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದೆ. ಹಳೇ ಹಿತ್ತಾಳೆಯನ್ನೆಲ್ಲ ಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದೆ. ಮನೆ ಹಗುರಾಯಿತು. ಸುಳ್ಳು ಹೇಳುವುದಿಲ್ಲ, ಅಷ್ಟು ದಿನ ನನಗೆ ಖುಷಿಯೇ ಇತ್ತು.

ವಾಪಸ್ ಬಂದ ಮರುದಿನ ಬೆಳಿಗ್ಗೆ ಅತ್ತೆಮ್ಮ ಅಕ್ಕಿ ಡಬ್ಬದ ಮುಂದೆ ನಿಂತು ಕೈಯಲ್ಲಿ ತಡಕಿದರು. ಕಣ್ಣಿಗೆ ಇನ್ನೂ ಕರಿ ಕನ್ನಡಕ ಇತ್ತು. ತನಗೇ ಕಾಣುತ್ತಿಲ್ಲ ಅಂದುಕೊಂಡರು. ಡಬ್ಬದ ಹಿಂದೆ ತಡಕಿದರು, ಕೆಳಗೆ ತಡಕಿದರು. ಆಗ ಹೇಳಿದೆ. ಅವರು ಬೈಯಲಿಲ್ಲ. ಸ್ಟೀಲ್ ಲೋಟ ತಗೊಂಡು ಅಳೆದರು. ಅವತ್ತು ಅನ್ನ ಮಿಕ್ಕಿತು. ಮರುದಿನ ಸಾಲಲಿಲ್ಲ. ಮೂರನೇ ದಿನ "ನೀನೇ ಹಾಕಮ್ಮ" ಅಂದುಬಿಟ್ಟರು. ಆಮೇಲೆ ಏಳು ವರ್ಷ ಬದುಕಿದ್ದರು. ಅಕ್ಕಿ ಡಬ್ಬ ಮುಟ್ಟಲಿಲ್ಲ.

ಗುಜರಿ ಅಂಗಡಿಗೆ ಓಡಿದ್ದೆ. ಲೋಡ್ ಹೋಗಿಯಾಗಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಮಡೇನೂರಿನ ಹಳೇ ಅಣೆಕಟ್ಟೆ ಕಾಣಿಸಿದರೆ ಜನ ನೋಡಲು ಹೋಗುತ್ತಾರೆ. ನಮ್ಮ ಮಕ್ಕಳೂ ಕರೆಯುತ್ತಾರೆ. ನನಗೆ ಹೋಗಲು ಆಗುವುದಿಲ್ಲ.

ಕಡಿಮೆಯಲ್ಲಿ ಬದುಕುವುದು ಒಳ್ಳೆಯದೇ. ನಾನು ಈಗಲೂ ಹಾಗೇ ಇದ್ದೇನೆ. ಆದರೆ ಅಕ್ಕಾ, ಅವರಿಲ್ಲದ ದಿನ ಬೇಡ.

— ಹೆಸರು ಬೇಡ ಎಂದಿದ್ದಾರೆ, ಸಾಗರ ತಾಲ್ಲೂಕು

*

ಮಕ್ಕಳನ್ನು ಕೇಳಿದಿರಾ ಆಂಟಿ? ನಮ್ಮಮ್ಮನ ಅಟ್ಟದಲ್ಲಿ ಅರ್ಧ ನನ್ನದೇ ಇದೆ. ಪಿಯುಸಿ ನೋಟ್ಸ್, ಬ್ಯಾಟು, ಹಾಸ್ಟೆಲ್ ಟ್ರಂಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಜಾಗ ಇಲ್ಲ ಅಂತ ಊರಿಗೆ ಕಳಿಸಿದ್ದು ನಾವೇ. ಈ ದೀಪಾವಳಿಗೆ ಹೋದಾಗ ನನ್ನದನ್ನು ನಾನೇ ಇಳಿಸುತ್ತೇನೆ.

— ಶಿಕಾರಿಪುರದ ಹುಡುಗ, ಈಗ ಬೆಂಗಳೂರು

*

ನಮ್ಮಲ್ಲೂ ಇದೇ ಜಗಳ ಇತ್ತು. ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ಅಂಗಳಕ್ಕೆ ಇಳಿಸಿ ಬಿಸಿಲಿಗೆ ಹರವಿದೆವು, ಇಬ್ಬರೂ ಸೇರಿ. ಬೂಷ್ಟು ಹಿಡಿದದ್ದು, ಗೆದ್ದಲು ತಿಂದದ್ದು ಕಣ್ಣಿಗೆ ಬಿತ್ತು. ಅದನ್ನು ಯಜಮಾನರೇ ಎತ್ತಿ ಆಚೆ ಹಾಕಿದರು. ಒಂದು ಮಾತೂ ಆಡಬೇಕಾಗಲಿಲ್ಲ.

ಉಳಿದದ್ದು ದೊಡ್ಡ ಪಾತ್ರೆಗಳು. ನೂರು ಎಲೆ ಊಟಕ್ಕೆ ಅಂತ ಇದ್ದ ಕೊಪ್ಪರಿಗೆ, ಬಾಣಲೆ. ಈಗ ಅಡುಗೆಯವರೇ ಪಾತ್ರೆ ತರುತ್ತಾರಲ್ಲ. ಅಜ್ಜನ ಹೆಸರು ಕೊರೆಸಿ ಊರ ದೇವಸ್ಥಾನಕ್ಕೆ ಕೊಟ್ಟೆವು. ಯಾರ ಮನೆ ಕಾರ್ಯಕ್ಕಾದರೂ ಒಯ್ಯಬಹುದು. ಮಗಳ ಸೀಮಂತಕ್ಕೆ ನಾವೇ ತಂದು ಅದರಲ್ಲೇ ಪಾಯಸ ಮಾಡಿದೆವು.

ಮಾರುವುದಿದ್ದರೆ ಕಂಚು, ಹಿತ್ತಾಳೆ ಒಂದೇ ಚೀಲಕ್ಕೆ ಹಾಕಬೇಡಿ. ಕಂಚಿನಲ್ಲಿ ತವರ ಇರುತ್ತದೆ, ಬೆಲೆ ಜಾಸ್ತಿ. ತಟ್ಟಿದರೆ ಗಂಟೆ ಹಾಗೆ ನಾದ ಬರುತ್ತದೆ. ಇಟ್ಟುಕೊಳ್ಳುವ ಹಿತ್ತಾಳೆಗೆ ಕಲಾಯಿ ಹಾಕಿಸಿ. ಇಲ್ಲದಿದ್ದರೆ ಹುಳಿ ಹಾಕಿದ ಅಡುಗೆ ಕಿಲುಬುತ್ತದೆ.

— ಗೃಹಿಣಿ, ಸೊರಬ

*

"ಇಬ್ಬರೂ ಸೇರಿ" ಅನ್ನುವ ಮಾತನ್ನು ನಾವು ಎರಡು ಸಲ ಓದಿದೆವು.

*

2019ರ ಆಗಸ್ಟಿನಲ್ಲಿ ತುಂಗೆ ನಮ್ಮ ಬೀದಿಗೆ ಬಂದಳು. ನೀರು ಇಳಿದ ಮೇಲೆ ಹಾಸಿಗೆ, ಟಿವಿ, ಬಟ್ಟೆ ಎಲ್ಲ ಕೆಸರು. ಬೀದಿಯಲ್ಲಿ ರಾಶಿ ಹಾಕಿದೆವು. ಮತ್ತೆ ಅಷ್ಟನ್ನೂ ಕೊಳ್ಳಲಿಲ್ಲ. ನಾಲ್ಕು ತಟ್ಟೆ, ನಾಲ್ಕು ಲೋಟ, ಎರಡು ಹಾಸಿಗೆ. ನೆಂಟರು ಬಂದರೆ ಪಕ್ಕದ ಮನೆಯಿಂದ ತರುತ್ತೇವೆ, ಅವರೂ ನಮ್ಮಿಂದ ಒಯ್ಯುತ್ತಾರೆ. ಚೆನ್ನಾಗಿದ್ದೇವೆ. ಮದುವೆ ಆಲ್ಬಂ ಹೋದದ್ದು ಮಾತ್ರ ಇವತ್ತಿಗೂ ಸಂಕಟ.

— ಟೈಲರ್, ಶಿವಮೊಗ್ಗ

*

ಕೊನೆಯದು ಪೋಸ್ಟ್ ಕಾರ್ಡಿನಲ್ಲಿ ಬಂದಿದೆ.

*

ಹಂಡೆ ಕೊಡುವುದಿದ್ದರೆ ನಮಗೆ ಬೇಕಿತ್ತು. ನಮ್ಮ ಬಚ್ಚಲ ಹಂಡೆ ತೂತಾಗಿದೆ. ಎರಡು ಸಲ ಬೆಸುಗೆ ಹಾಕಿಸಿದ್ದೂ ನಿಲ್ಲಲಿಲ್ಲ. ಆದಷ್ಟು ಕ್ರಯ ಕೊಡುತ್ತೇವೆ. ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ.

— ಕೃಷಿಕ, ಹೊಸನಗರ

*

ಈ ಕಾರ್ಡನ್ನು ತೀರ್ಥಹಳ್ಳಿಗೆ ಕಳಿಸಿದ್ದೇವೆ. ಗಂಡ, ಹೆಂಡತಿ ಇಬ್ಬರ ಹೆಸರಿಗೂ.