‘ನಾಯಕತ್ವ ಗುಣ’ ಕಲಂಗೆ ಅಂಕ ಕೊಡೋದು ಹೇಗೆ?

ಸೋಂದಾ ರಸ್ತೆ: ಶಿರಸಿ ತಾಲೂಕಿನ ಸಹಕಾರಿ ಸಂಘವೊಂದರಲ್ಲಿ ಶಾಖಾ ವ್ಯವಸ್ಥಾಪಕ ಹುದ್ದೆಗೆ ಒಳಗಿನ ಸಿಬ್ಬಂದಿಗೇ ಬಡ್ತಿ. ಸಂದರ್ಶನಕ್ಕೆ 20 ಅಂಕ, ಅದರಲ್ಲಿ 10 ‘ನಾಯಕತ್ವ ಗುಣ’ ಅನ್ನೋ ಒಂದೇ ಕಲಂಗೆ. ಹಿಂದಿನ ಸಲದ ಹಾಳೆಗಳಲ್ಲಿ ಗಂಡಸರ ಹೆಸರಿನ ಎದುರು ‘ಖಡಕ್’, ಹೆಂಗಸರ ಎದುರು ‘ಬಾಯಿ ಜೋರು’. ಇಬ್ಬರೂ ಮಾಡಿದ್ದು ಒಂದೇ, ಸುಸ್ತಿದಾರರ ಹತ್ರ ಬಿಗಿಯಾಗಿ ಮಾತಾಡಿದ್ದು. ಈ ಕಲಂ ತೆಗೆಯೋದೇ ಒಳ್ಳೇದಾ?

ಚಾಲಿ_ರಾಶಿ: ತೆಗೀಬೇಡಿ, ಒಡೀರಿ. ಮನಶ್ಶಾಸ್ತ್ರಜ್ಞೆ ವರ್ಜಿನಿಯಾ ಶೈನ್ 1973ರಲ್ಲಿ 92 ಗುಣಗಳ ಪಟ್ಟಿ ಹಿಡಿದು ಅಮೆರಿಕದ ಗಂಡಸು ಮ್ಯಾನೇಜರುಗಳನ್ನು ಕೇಳಿದಾಗ, ‘ಯಶಸ್ವಿ ಮ್ಯಾನೇಜರ್’ಗೆ ಅವರು ಹೇಳಿದ ಗುಣಗಳು ‘ಗಂಡಸರು’ ಅನ್ನೋದಕ್ಕೆ ಹೇಳಿದವುಗಳ ಜೊತೆಗೇ ಹೆಚ್ಚು ತಾಳೆಯಾದವು. ಖಾಲಿ ಕಲಂ ಇಟ್ಟರೆ ಆ ಚಿತ್ರಕ್ಕೇ ಅಂಕ ಬೀಳ್ತದೆ. ಸುಸ್ತಿ ವಸೂಲಿಗೆ 4, ಅಡಿಕೆ ಸುಗ್ಗಿಯಲ್ಲಿ ಸಿಬ್ಬಂದಿ ಪಾಳಿ ಹೊಂದಿಸಿದ್ದಕ್ಕೆ 3, ಆಡಿಟ್ ಆಕ್ಷೇಪಣೆಗೆ ಉತ್ತರ ಕೊಟ್ಟಿದ್ದಕ್ಕೆ 3. ಪ್ರತಿಯೊಂದರ ಕೆಳಗೆ ಮೂರು ಸಾಲು: ಏನು ಮಾಡಿದರು, ಯಾವಾಗ, ಏನಾಯ್ತು. ‘ಖಡಕ್’, ‘ಮೃದು’ ಅಂತ ಬರೆದ ಹಾಳೆ ವಾಪಸ್.

ಅಘನಾಶಿನಿ: ಆ 4-3-3 ಅರ್ಜಿ ಲಕೋಟೆ ಒಡೆಯೋ ಮೊದಲೇ ನಡಾವಳಿಯಲ್ಲಿ ದಾಖಲಾಗಬೇಕು. ಇಲ್ಲಾಂದ್ರೆ ಡಿಪ್ಲೊಮಾ ಆದವಳು ಬಂದಾಗ ‘ವ್ಯಾಪಾರಿ ಅಂಗಳದ (ಅಡಿಕೆ ಟೆಂಡರ್ ನಡೆಯೋ ಜಾಗ) ಅನುಭವ ಬೇಕಿತ್ತು’, ಅಂಗಳದಲ್ಲಿ ಪಳಗಿದವಳು ಬಂದಾಗ ‘ಓದು ಸಾಲದು’. ಊಲ್ಮನ್ ಮತ್ತು ಕೋಹೆನ್ ಅನ್ನೋ ಸಂಶೋಧಕರು 2005ರಲ್ಲಿ ಪೊಲೀಸ್ ಮುಖ್ಯಸ್ಥರ ಆಯ್ಕೆಯ ಪ್ರಯೋಗದಲ್ಲಿ ಕಂಡದ್ದೂ ಇದೇ: ಗಂಡು ಅಭ್ಯರ್ಥಿ ಓದಿದವನಾದರೆ ಓದಿನ ತೂಕ ಏರ್ತಿತ್ತು. ಮಾನದಂಡ ಮೊದಲೇ ಗಟ್ಟಿ ಮಾಡಿಸಿದಾಗ ಆ ಆಟ ನಿಂತಿತು.

ಸದಸ್ಯರು ಚರ್ಚೆಗೆ ಮುಂಚೆ ಬೇರೆ ಬೇರೆ ಕೂತು, ಪೆನ್ನಿನಲ್ಲಿ ಅಂಕ ಬರೆದು ಹಾಳೆ ಒಪ್ಪಿಸಲಿ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಮಾತ್ರ ಆ ಮೂರು ಸಾಲು ಓದಿ ಚರ್ಚಿಸಿ. ಅಧ್ಯಕ್ಷರು ಕೊನೆಗೆ ಬಾಯಿ ಬಿಡಲಿ. ಅವರು ಮೊದಲು ‘ಹುಡುಗ ಚುರುಕಿದ್ದಾನೆ’ ಅಂದರೆ ಉಳಿದವರ ಪೆನ್ನು ಅತ್ತಲೇ ವಾಲ್ತದೆ.

ಹಳೆ_ಲೆಡ್ಜರ್: ಹಾಳೆ ಬದಲಾಯ್ತು, ಅಂಗಳ ಬದಲಾಗ್ತದಾ? ಟೆಂಡರಿನ ಹೊತ್ತಿಗೆ ವರ್ತಕರು ಹೆಂಗಸಿನ ಮಾತು ಕೇಳೋದಿಲ್ಲ ಮಾರಾಯ್ರೆ.

ಚಾಲಿ_ರಾಶಿ: ಕಾರವಾರ ಬಂದರಿನಲ್ಲಿ ಮೀನಿಗೆ ಚೌಕಾಶಿ ಮಾಡೋರು ಯಾರು ಅಂತ ಒಮ್ಮೆ ನೋಡಿ ಬನ್ನಿ! ಪಶ್ಚಿಮ ಬಂಗಾಳದ ಪಂಚಾಯ್ತಿಗಳ ಅಧ್ಯಯನವೊಂದು 2009ರಲ್ಲಿ ಪ್ರಕಟವಾಗಿದೆ. ಒಂದೇ ಭಾಷಣವನ್ನು ಗಂಡು ದನಿಯಲ್ಲಿ, ಹೆಣ್ಣು ದನಿಯಲ್ಲಿ ಕೇಳಿಸಿದರು. ಮಹಿಳಾ ಮೀಸಲು ಬಾರದ ಊರಿನ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳಾ ಪ್ರಧಾನರನ್ನು (ಪಂಚಾಯ್ತಿ ಅಧ್ಯಕ್ಷೆಯರನ್ನು) ಕಂಡ ಊರುಗಳಲ್ಲಿ ಆ ಅಂತರ ಮಾಯ. ಗಂಡಸೇ ಇರಲಿ ಅನ್ನೋ ಇಷ್ಟ ಮಾತ್ರ ಹಾಗೇ ಉಳಿದಿತ್ತು. ಸಾಮರ್ಥ್ಯದ ಅಂದಾಜು ಬದಲಾಯ್ತು.

ಅಂಗಳದಲ್ಲಿ ಕೆಡೋದು ಬೇರೆ ಕಡೆ. ವರ್ತಕ ಶಾಖೆ ದಾಟಿ ನಿರ್ದೇಶಕರಿಗೆ ಫೋನ್ ಮಾಡ್ತಾನೆ, ಅವರು ಅಲ್ಲೇ ತೀರ್ಮಾನ ಹೇಳಿಬಿಡ್ತಾರೆ. ಆಮೇಲೆ ವ್ಯವಸ್ಥಾಪಕಿ ಆದವಳ ಮಾತಿಗೆ ಎಲ್ಲಿ ಬೆಲೆ? ‘ಶಾಖೆಯಲ್ಲೇ ಕೇಳಿ’ ಅಂತ ಪ್ರತಿ ಸಲ ಹೇಳೋ ಹಾಗೆ ನಿರ್ದೇಶಕರ ಹತ್ರ ಬಡ್ತಿ ಆದೇಶದ ದಿನವೇ ಒಪ್ಪಿಗೆ ಬರೆಸಿಕೊಳ್ಳಿ.