ಇಂಗ್ಲೆಂಡಿನ ಹಳ್ಳಿ ಚರ್ಚ್ ಅಂಗಳದಲ್ಲಿ ಮುರಿದ ಕಲ್ಲುಕಂಬ, ಏನಿದು?

ಸ್ವಿಂಡನ್ ಸೊಸೆ:
ಹಾಸನದಿಂದ ಅಪ್ಪ ಬಂದಿದ್ದಾರೆ. ಮೊನ್ನೆ ಗ್ಲಾಸ್ಟರ್‌ಶೈರ್ ಹಳ್ಳಿಗಳ ಕಡೆ ಸುತ್ತಾಡಲು ಹೋಗಿದ್ದೆವು. ಒಂದು ಚರ್ಚಿನ ದಕ್ಷಿಣಕ್ಕೆ, ಸಮಾಧಿಗಳ ನಡುವೆ ಮೂರು ಮೆಟ್ಟಿಲಿನ ಕಟ್ಟೆ ಇತ್ತು. ಮೇಲೊಂದು ದಪ್ಪ ಕಲ್ಲು, ಅದರಿಂದ ಮೊಣಕಾಲೆತ್ತರಕ್ಕೆ ಎದ್ದು ಮುರಿದ ಕಂಬ. "ಗರುಡಗಂಬದ ಬುಡ ಇದ್ದ ಹಾಗಿದೆಯಲ್ಲಮ್ಮ" ಅಂತ ಅಪ್ಪ ಚಪ್ಪಲಿ ಬಿಟ್ಟೇ ಹತ್ತಿರ ಹೋದರು. ಬುಡದ ಸಂದಿಯಲ್ಲಿ ಬೂದು ಬಣ್ಣದ ಲೋಹ ಕಾಣುತ್ತದೆ. ಕಲ್ಲಿನ ತುಂಬ ಹಳದಿ ಕಲೆ. ಬ್ರಷ್ ತಗೊಂಡು ಹೋಗಿ ಉಜ್ಜಿದರೆ ಅಕ್ಷರ ಸಿಗಬಹುದಾ?

ಹಳೆಗಲ್ಲು:
ದಯವಿಟ್ಟು ಉಜ್ಜಬೇಡಿ ಮೇಡಂ! ಆ ಹಳದಿ ಕಲೆ ಕಲ್ಲುಹೂವು, ನಾವು ಮಸಾಲೆಗೆ ಹಾಕುವುದರ ನೆಂಟ. ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವಂಥದ್ದು. ಬ್ರಷ್ ಹಾಕಿದರೆ ಕಲ್ಲಿನ ಮೈಯೂ ಉದುರುತ್ತದೆ. ಇಂಥ ಎಷ್ಟೋ ಕಲ್ಲುಗಳಿಗೆ ಇಲ್ಲಿ ಕಾನೂನಿನ ರಕ್ಷಣೆ ಬೇರೆ ಇದೆ.

ನೀವು ನೋಡಿದ್ದು ಶಿಲುಬೆ ಕಂಬದ ಬುಡ. ಕೆಳಗಿನ ಕಲ್ಲಿನಲ್ಲಿ ಗುಳಿ ತೋಡಿ, ಕಂಬ ನಿಲ್ಲಿಸಿ, ಸುತ್ತ ಸೀಸ ಕಾಯಿಸಿ ಹೊಯ್ಯುತ್ತಿದ್ದರು. ನಿಮಗೆ ಕಂಡ ಲೋಹ ಅದೇ ಇರಬೇಕು. ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮೊದಲಿನ ಹಬ್ಬ) ಮೆರವಣಿಗೆ ಚರ್ಚಿನಿಂದ ಹೊರಟು ಇಂಥ ಕಂಬದ ಹತ್ತಿರ ನಿಲ್ಲುತ್ತಿತ್ತು. ಅಪ್ಪ ಚಪ್ಪಲಿ ಬಿಟ್ಟಿದ್ದು ಓದಿ ಕಣ್ಣು ತುಂಬಿತು.

ತುದಿಯಲ್ಲಿ ಯೇಸುವಿನ ಕೆತ್ತನೆ ಇರುತ್ತಿತ್ತು. 16ನೇ ಶತಮಾನದ ಮತಸುಧಾರಣೆಯಲ್ಲಿ ವಿಗ್ರಹ ಅಂತ ಎಷ್ಟೋ ಒಡೆದರು. ಉಳಿದದ್ದನ್ನೂ ಒಡೆಯಲು 1643ರಲ್ಲಿ ಪಾರ್ಲಿಮೆಂಟೇ ಆಜ್ಞೆ ಹೊರಡಿಸಿತು.

ನಿಮಗೆ ಹತ್ತಿರವೇ, ಸೈರನ್‌ಸೆಸ್ಟರ್ ಪಕ್ಕ, ಆಂಪ್ನಿ ಕ್ರೂಸಿಸ್ ಅನ್ನುವ ಹಳ್ಳಿ ಇದೆ. ಅಪ್ಪನನ್ನು ಕರೆದುಕೊಂಡು ಹೋಗಲೇಬೇಕು. ಅಲ್ಲಿನ 15ನೇ ಶತಮಾನದ ಕಂಬದ ತಲೆಯನ್ನು ಯಾರೋ ಚರ್ಚಿನ ಗೋಡೆಯೊಳಗೆ ಬಚ್ಚಿಟ್ಟಿದ್ದರು. 19ನೇ ಶತಮಾನದಲ್ಲಿ ಸಿಕ್ಕಿತು, ಮತ್ತೆ ಕಂಬದ ಮೇಲೆ ಕೂರಿಸಿದರು. ಒಂದು ಮುಖದಲ್ಲಿ ಶಿಲುಬೆಯ ಯೇಸು, ಇನ್ನೊಂದರಲ್ಲಿ ಮಗುವನ್ನು ಎತ್ತಿಕೊಂಡ ಮರಿಯಮ್ಮ. ಆ ಬಚ್ಚಿಟ್ಟ ಕೈಗಳು ಯಾರದೋ, ನಾನು ಹೋದಾಗಲೆಲ್ಲ ಅವರನ್ನೇ ನೆನೆಯುತ್ತೇನೆ.

ಸಾಮರ್ಸೆಟ್ ಶೆಟ್ರು:
ಕೆಲವು ಕಡೆ ಮುರಿದ ಕಂಬದ ಮೇಲೆ ನೆರಳು ಗಡಿಯಾರ ಕೂರಿಸಿದ್ದಾರೆ. ಇನ್ನು ಕೆಲವನ್ನು 1914-18ರ ಯುದ್ಧದ ನಂತರ ದುರಸ್ತಿ ಮಾಡಿ, ಸತ್ತ ಹುಡುಗರ ಹೆಸರು ಕೆತ್ತಿದ್ದಾರೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಅಕ್ಷರ ಇದ್ದರೆ ಉಜ್ಜದೆಯೇ ಕಾಣುತ್ತದೆ.

ಸ್ವಿಂಡನ್ ಸೊಸೆ:
ತುಂಬಾ ಥ್ಯಾಂಕ್ಸ್. ಬ್ರಷ್ ವಾಪಸ್ ಶೆಡ್ಡಿಗೆ ಹೋಯಿತು. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. "ಬಚ್ಚಿಟ್ಟಿದ್ದು ನೋಡಬೇಕು" ಅಂದರು. ಶನಿವಾರ ಆಂಪ್ನಿ ಕ್ರೂಸಿಸ್‌ಗೆ ಹೊರಟಿದ್ದೇವೆ.