ಕಡಲ ತೀರದ ಚಿತ್ರ ಬರೆಯುವವರೇ, ಎಲ್ಲಿಂದ ಶುರು ಮಾಡಿದಿರಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವಾಟರ್ ಕಲರ್‌ನಲ್ಲಿ ಹೂವು, ಮರ, ಮನೆ ಬಿಡಿಸಿ ಕೈ ಪಳಗಿದೆ. ಈಗ ಕಡಲ ತೀರದ ಮೇಲೆ ಒಂದು ಸರಣಿ ಮಾಡುವ ಆಸೆ. ಆದರೆ ಕೂತಾಗಲೆಲ್ಲ ಒಂದೇ ಚಿತ್ರ ಬರುತ್ತದೆ. ಮೇಲೆ ತಿಳಿ ನೀಲಿ, ಕೆಳಗೆ ಗಾಢ ನೀಲಿ, ಅದರ ಕೆಳಗೆ ಹಳದಿ ಮರಳು, ನಡುವೆ ಬಿಳಿ ನೊರೆ. ಅಲೆಯಂತೂ ಬ್ರಷ್ ಎತ್ತುವಷ್ಟರಲ್ಲಿ ಹೋಗಿರುತ್ತದೆ. ತೀರದಲ್ಲೇ ಕೂತು ಕೆಲಸ ಮಾಡಿದವರು ನಿಮ್ಮ ಅನುಭವ ಹೇಳಿ. ಬೇರೆ ಮಾಧ್ಯಮದವರೂ ಬರೆಯಿರಿ.

ಉತ್ತರ:
ನಾನೂ ವಾಟರ್ ಕಲರ್‌ನವಳು. ಮೊದಲು ಬಣ್ಣದ ಪೆಟ್ಟಿಗೆ ಮುಚ್ಚಿಡಿ, ಪೆನ್ಸಿಲ್ ಸಾಕು. ಹೋದ ಅಲೆ ತಿರುಗಿ ಬರುವುದಿಲ್ಲ, ನಿಜ. ಆದರೆ ಅದೇ ಜಾಗದಲ್ಲಿ ಅಂಥದೇ ಆಕಾರ ಮತ್ತೆ ಬರುತ್ತದೆ. ಯಾಕೆಂದರೆ ಅಲೆ ಎಲ್ಲಿ ಒಡೆಯಬೇಕು ಅನ್ನುವುದನ್ನು ಕೆಳಗಿನ ನೆಲ ತೀರ್ಮಾನಿಸುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಬುಡ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬಾಗಿ ಬೀಳುತ್ತದೆ. ಹಾಗಾಗಿ ಒಂದು ಕಲ್ಲನ್ನೋ ಮರಳ ದಿಬ್ಬವನ್ನೋ ಗುರುತು ಇಟ್ಟುಕೊಂಡು ಅಲ್ಲೇ ನೋಡುತ್ತಾ ಕೂರಿ.

ನಾನು ಹಾಳೆಯಲ್ಲಿ ಐದು ಚೌಕ ಹಾಕಿಕೊಳ್ಳುತ್ತೇನೆ. ಉಬ್ಬುವುದು, ನೆಟ್ಟಗಾಗುವುದು, ಒಡೆಯುವುದು, ನೊರೆ ಹರಡುವುದು, ನೀರು ಹಿಂದೆ ಸರಿಯುವುದು. ಪ್ರತಿ ಅಲೆ ಬಂದಾಗ ಯಾವುದಾದರೂ ಒಂದು ಚೌಕಕ್ಕೆ ಒಂದೆರಡು ಗೆರೆ. ಅಷ್ಟೇ. ಐದೂ ಚೌಕ ತುಂಬುವ ಹೊತ್ತಿಗೆ ಆ ಜಾಗದ ಅಲೆ ನಿಮ್ಮ ಕೈಗೆ ಬಂದಿರುತ್ತದೆ. ನನಗಂತೂ ಐದನೇ ಚೌಕವೇ ಹೆಚ್ಚು ಇಷ್ಟ. ಹಿಂದೆ ಸರಿಯುವ ನೀರು ನೊರೆಯನ್ನು ಎಳೆದು ಬಲೆಯ ಹಾಗೆ ಮಾಡುತ್ತದಲ್ವಾ, ಆ ಬಲೆಯ ಕಣ್ಣುಗಳು ದೂರ ಹೋದಂತೆ ಚಪ್ಪಟೆಯಾಗುತ್ತವೆ. ಅದನ್ನು ಸರಿಯಾಗಿ ಹಿಡಿದರೆ ಚಿತ್ರದಲ್ಲಿ ನೆಲ ತಾನಾಗಿಯೇ ಮಲಗಿದ ಹಾಗೆ ಕಾಣುತ್ತದೆ.

ಆಮೇಲೆ ಬಣ್ಣ. ಮರಳು ಹಳದಿ, ನೊರೆ ಬಿಳಿ ಅಂತ ಮನಸ್ಸಿನಲ್ಲಿ ಮೊದಲೇ ಕೂತಿರುತ್ತದೆ, ಅದನ್ನು ಬಿಡಿ. ಒದ್ದೆ ಮರಳು ಒಣ ಮರಳಿಗಿಂತ ತುಂಬಾ ಗಾಢ. ಮೇಲೆ ತೆಳು ನೀರು ನಿಂತಿದ್ದರೆ ಅಲ್ಲಿ ಕಾಣುವುದು ಮರಳಲ್ಲ, ಆಕಾಶ. ನೆರಳಿನಲ್ಲಿರುವ ನೊರೆ ಬೂದು-ನೀಲಿ. ನಿಮ್ಮ ಚಿತ್ರದ ನೊರೆ ಪೂರ್ತಿ ಬಿಳಿಯಾಗಿದ್ದರೆ ಅದಕ್ಕೆ ದಪ್ಪವೇ ಬರುವುದಿಲ್ಲ. ಬಿಸಿಲು ಅಲೆಯ ಹಿಂದಿನಿಂದ ಬರುತ್ತಿದ್ದರೆ, ಒಡೆಯುವ ಮುಂಚೆ ಅದರ ನೆತ್ತಿಯ ತೆಳುವಾದ ಭಾಗ ಹಸಿರಾಗಿ ಹೊಳೆಯುತ್ತದೆ. ಅದು ಒಂದು ಬೆರಳಗಲದ ಜಾಗ. ಅಲ್ಲಿ ಮಾತ್ರ ಶುದ್ಧ ಬಣ್ಣ ಬಳಸಿ, ಉಳಿದ ಕಡೆ ಮಂಕು ಮಾಡಿ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನಾ ಕಂದು ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ, ಮೋಡಕ್ಕೂ ಆಗುತ್ತದೆ, ನೊರೆಯ ನೆರಳಿಗೂ ಆಗುತ್ತದೆ.

ಇನ್ನೊಂದು ವಿಷಯ, ದಿಗಂತ. ಅದು ಯಾವಾಗಲೂ ನಿಮ್ಮ ಕಣ್ಣಿನ ಎತ್ತರಕ್ಕೇ ಇರುತ್ತದೆ. ಸಮತಟ್ಟು ಮರಳಿನಲ್ಲಿ ನೀವು ನಿಂತು ನೋಡಿದರೆ, ನಿಮ್ಮಷ್ಟೇ ಎತ್ತರದವರು ಹತ್ತಿರ ಇರಲಿ ದೂರ ಇರಲಿ, ಗೆರೆ ಅವರ ಕಣ್ಣಿನ ಮೇಲೇ ಹಾಯುತ್ತದೆ. ಕೂತರೆ ಅವರ ಸೊಂಟದ ಆಸುಪಾಸು. ಇದೊಂದು ತಪ್ಪಿದರೆ ಜನ ಗಾಳಿಯಲ್ಲಿ ತೇಲುತ್ತಾರೆ.

ಉತ್ತರ:
ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಆಯಿಲ್‌ನಲ್ಲಿ, ಹೊರಗೇ ನಿಂತು ಮಾಡುವವನು. ನನ್ನ ಮಟ್ಟಿಗೆ ಅಲೆಗಿಂತ ದೊಡ್ಡ ಪ್ರಶ್ನೆ ಹೊತ್ತು. ನಿನ್ನೆಯ ಬೆಳಕು ಬೇಕು ಅಂತ ಅದೇ ಸಮಯಕ್ಕೆ ಹೋಗುತ್ತೀರಿ. ಬೆಳಕು ಇರುತ್ತದೆ, ನಿನ್ನೆ ಬಿಡಿಸಿದ ಬಂಡೆ ಇರುವುದಿಲ್ಲ! ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅದೇ ಬೆಳಕು, ಅದೇ ನೀರಿನ ಮಟ್ಟ ಎರಡೂ ಒಟ್ಟಿಗೆ ಬೇಕೆಂದರೆ ಸುಮಾರು ಎರಡು ವಾರ ಕಾಯಬೇಕು. ಹಾಗಾಗಿ ಉಬ್ಬರ-ಇಳಿತದ ವೇಳಾಪಟ್ಟಿ ಬಣ್ಣದಷ್ಟೇ ಮುಖ್ಯ.

ಚಿತ್ರಕಾರ ಕ್ಲೋಡ್ ಮೊನೆ ಫ್ರಾನ್ಸಿನ ಎತ್ರೆತಾ ಅನ್ನುವ ಕಡಲೂರಿನ ಬಂಡೆಗಳ ಬುಡದಲ್ಲಿ ಕೆಲಸ ಮಾಡುವಾಗ ಹಲವು ಕ್ಯಾನ್ವಾಸ್ ಜೊತೆಗಿಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. 1885ರಲ್ಲಿ ಅಲ್ಲೇ ಒಂದು ದೊಡ್ಡ ಅಲೆ ಅವನನ್ನು ಬಂಡೆಗೆ ಅಪ್ಪಳಿಸಿ, ಸಾಮಾನನ್ನೂ ಎಳೆದುಕೊಂಡು ಹೋಗಿತ್ತು. ಅವನಂಥವನಿಗೇ ಹೀಗಾಗಿದೆ, ದಯವಿಟ್ಟು ನೀರಿಗೆ ಬೆನ್ನು ಹಾಕಿ ಕೂರಬೇಡಿ. ಬಂಡೆಯ ಸಂದಿಯಲ್ಲಿ ಕೂರುವ ಮುಂಚೆ ವಾಪಸ್ ಬರುವ ದಾರಿ ಯಾವ ಹೊತ್ತಿಗೆ ಮುಳುಗುತ್ತದೆ ಅಂತ ನೋಡಿಕೊಳ್ಳಿ.

ಅವನದೇ 1870ರ ಒಂದು ತೀರದ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಫ್ರಾನ್ಸಿನ ಟ್ರುವಿಲ್‌ನಲ್ಲಿ ಬರೆದದ್ದು. ಅದರ ಬಣ್ಣದೊಳಗೆ ಮರಳಿನ ಕಣಗಳು ಸಿಕ್ಕಿಕೊಂಡಿವೆ. ನನಗೆ ಇದು ತುಂಬಾ ಧೈರ್ಯ ಕೊಟ್ಟ ಸಂಗತಿ. ಗಾಳಿಗೆ ಮರಳು ಬಂದು ಅಂಟಿದರೆ ಅಂಟಲಿ, ಕೆಲಸ ನಿಲ್ಲಿಸಬೇಡಿ. ಸಣ್ಣ ಬೋರ್ಡ್ ತೆಗೆದುಕೊಳ್ಳಿ, ಈಸಲ್‌ಗೆ ಕಲ್ಲು ತುಂಬಿದ ಚೀಲ ತೂಗುಹಾಕಿ.

ಉತ್ತರ:
ನಾನು ಫೋಟೋ ತೆಗೆಯುವವನು. ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರು. ಆಕಾಶ, ಕಡಲು ಅಂತ ಎರಡು ಪಟ್ಟಿ ಬರುವುದು ದೋಷವಲ್ಲ. ಜಪಾನಿನ ಫೋಟೋಗ್ರಾಫರ್ ಹಿರೋಶಿ ಸುಗಿಮೊಟೊ 1980ರಿಂದ ಬೇರೆ ಬೇರೆ ಸಮುದ್ರಗಳ ಕಪ್ಪು-ಬಿಳುಪು ಫೋಟೋ ತೆಗೆಯುತ್ತಾ ಬಂದಿದ್ದಾರೆ. ಅರ್ಧ ನೀರು, ಅರ್ಧ ಆಕಾಶ, ದಿಗಂತ ನಟ್ಟನಡುವೆ. ದೋಣಿ ಇಲ್ಲ, ಹಕ್ಕಿ ಇಲ್ಲ. ಆದರೂ ಒಂದು ಇದ್ದ ಹಾಗೆ ಇನ್ನೊಂದು ಇಲ್ಲ. ಕೆಲವದರಲ್ಲಿ ಗೆರೆ ಚಾಕುವಿನಲ್ಲಿ ಕೊರೆದ ಹಾಗಿದ್ದರೆ, ಕೆಲವದರಲ್ಲಿ ಮಂಜಿನಲ್ಲಿ ಗೆರೆಯೇ ಇಲ್ಲ. ಹಾಗಾಗಿ ನೀಲಿ ಪಟ್ಟಿಯಿಂದ ಓಡಿಹೋಗಬೇಡಿ. ಎರಡು ಪಟ್ಟಿ ಸೇರುವ ಅಂಚನ್ನು ಮಾತ್ರ ನೋಡಿ. ಇವತ್ತು ಅದು ಗಟ್ಟಿಯೋ ಮೆತ್ತಗೋ, ಯಾವುದು ಹೆಚ್ಚು ಕಪ್ಪು? ಅಷ್ಟನ್ನೇ ಬಿಡಿಸಿದರೂ ನಿಮ್ಮ ಸರಣಿಗೆ ಸಾಕಾಗುತ್ತದೆ.

ಉತ್ತರ (ಮೊದಲು ಬರೆದವಳೇ):
ಈ ಮಾತು ಒಪ್ಪಿದೆ. ಮೋಡವಿಲ್ಲದ ದಿನ ದಿಗಂತದ ಹತ್ತಿರದ ನೀರು ಸಾಮಾನ್ಯವಾಗಿ ಅದರ ಪಕ್ಕದ ಆಕಾಶಕ್ಕಿಂತ ಗಾಢ. ಅಲೆಗಳ ಇಳಿಜಾರು ನಮ್ಮ ಕಡೆಗೆ ಬಾಗಿರುವುದರಿಂದ ಅವು ತೋರಿಸುವುದು ಇನ್ನೂ ಮೇಲಿನ, ಹೆಚ್ಚು ನೀಲಿಯಾದ ಆಕಾಶವನ್ನು. ಮೋಡದ ದಿನ ಇದು ಬದಲಾಗಬಹುದು, ಹೋಲಿಸಿ ನೋಡಿಯೇ ಬಣ್ಣ ಕಲಸಿ.

ಉತ್ತರ:
ಬಿಡಿಸುವುದೇ ಬೇಡ ಅನ್ನುವವರಿಗೆ ಸಯನೋಟೈಪ್ ಇದೆ, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವುದು. ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಇದರಲ್ಲಿ ಕಡಲಪಾಚಿಗಳ ಚಿತ್ರ ಮಾಡಲು ಶುರು ಮಾಡಿದರು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡರ ದ್ರಾವಣ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿ. ಕೈಗೆ ಗ್ಲೌಸ್ ಇರಲಿ. ಮೇಲೆ ಪಾಚಿ ಇಟ್ಟು ಗಾಜು ಒತ್ತಿ ಬಿಸಿಲಿಗೆ ಹಿಡಿಯಿರಿ, ಆಮೇಲೆ ನೀರಿನಲ್ಲಿ ತೊಳೆಯಿರಿ. ಪಾಚಿ ಇದ್ದ ಜಾಗ ಬಿಳಿ, ಉಳಿದದ್ದು ನೀಲಿ. ತೆಳು ಪಾಚಿಯಾದರೆ ಬೆಳಕು ಒಳಗೂ ಹಾಯ್ದು, ಒಂದರ ಮೇಲೊಂದು ಬಿದ್ದ ಎಲೆಗಳ ಮಡಿಕೆ ಕೂಡ ಮೂಡುತ್ತದೆ. ಎಷ್ಟು ಹೊತ್ತು ಅಂತ ಬಿಸಿಲಿನ ಮೇಲೆ ಹೋಗುತ್ತದೆ, ತುಂಡು ಕಾಗದದಲ್ಲಿ ಪರೀಕ್ಷಿಸಿ.

ಮೂಡುವ ನೀಲಿ ಯಾವುದು ಗೊತ್ತಾ? ಪ್ರಷ್ಯನ್ ಬ್ಲೂ. ಸುಮಾರು 1831ರಲ್ಲಿ ಜಪಾನಿನ ಕಲಾವಿದ ಹೊಕುಸಾಯ್ ಮಾಡಿದ ಆ ದೊಡ್ಡ ಅಲೆಯ ಮುದ್ರಣದಲ್ಲೂ ಇದೇ ನೀಲಿ ಇದೆ.

ಪಾಚಿಯನ್ನು ಕಿತ್ತು ತರಬೇಡಿ, ದಡಕ್ಕೆ ಬಂದು ಬಿದ್ದದ್ದನ್ನೇ ಆರಿಸಿ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಕಾಗದದ ನಡುವೆ ಒತ್ತಿಟ್ಟು ಬಳಸಿ. ಚಿಪ್ಪು ಎತ್ತುವ ಮುಂಚೆ ಒಳಗೆ ಜೀವ ಇದೆಯಾ ನೋಡಿ. ಖಾಲಿ ಚಿಪ್ಪಿನಲ್ಲಿ ಏಡಿಗಳು ಮನೆ ಮಾಡಿಕೊಂಡಿರುತ್ತವೆ.

ಪ್ರಶ್ನೆ ಕೇಳಿದವರು:
ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಐದು ಚೌಕದಿಂದಲೇ ಶುರು ಮಾಡುತ್ತೇನೆ. ಇನ್ನೊಂದೇ ಪ್ರಶ್ನೆ. ಕಡಲ ಗಾಳಿಯಲ್ಲಿ ನನ್ನ ವಾಶ್ (ನೀರಾಗಿ ಬಳಿದ ತೆಳು ಬಣ್ಣ) ಒಣಗುವುದೇ ಇಲ್ಲ. ಸಮುದ್ರದ ನೀರಿನಲ್ಲೇ ಬಣ್ಣ ಕಲಸಬಹುದಾ?

ಉತ್ತರ:
ಕಲಸಬಹುದು, ಆದರೆ ಒಣಗುವುದು ಇನ್ನೂ ತಡವಾಗುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಣಗಿದ ಮೇಲೂ ಮಳೆಗಾಲದಲ್ಲಿ ಕಾಗದ ಜಿಗುಟಾಗಬಹುದು, ಬ್ರಷ್‌ನ ಲೋಹದ ಪಟ್ಟಿಯೂ ಹಾಳಾಗುತ್ತದೆ. ಉಪ್ಪು ಹರಳಿನ ಚುಕ್ಕೆ ಬೇಕೆಂದರೆ ಮನೆಯಲ್ಲಿ ಒದ್ದೆ ವಾಶ್ ಮೇಲೆ ಕಲ್ಲುಪ್ಪು ಉದುರಿಸಿ, ಪೂರ್ತಿ ಒಣಗಿದ ಮೇಲೆ ಒರೆಸಿಬಿಡಿ. ತೀರಕ್ಕೆ ಸಿಹಿನೀರೇ ಒಯ್ಯಿರಿ, 300 ಜಿಎಸ್‌ಎಂನ ದಪ್ಪ ಕಾಗದ ಇರಲಿ. ಎರಡು ಹಾಳೆ ಜೊತೆಗಿಟ್ಟುಕೊಂಡು, ಒಂದು ಒಣಗುವಾಗ ಇನ್ನೊಂದರಲ್ಲಿ ಕೆಲಸ ಮಾಡಿ. ಎರಡನೇ ವಾಶ್ ಅಲ್ಲೇ ಹಾಕಬೇಕೆಂದಿಲ್ಲ. ಎಲ್ಲಿ ಯಾವ ಬಣ್ಣ ಇತ್ತು, ಗಾಳಿ ಯಾವ ಕಡೆಯದು, ಗಂಟೆ ಎಷ್ಟು ಅಂತ ಹಾಳೆಯ ಹಿಂದೆ ಬರೆದುಕೊಂಡು ಬನ್ನಿ, ಉಳಿದದ್ದನ್ನು ಮನೆಯಲ್ಲಿ ಮುಗಿಸಬಹುದು.